ಏನು ತಿಂತೀರಿ ಅಂತ ಕೇಳಿದ್ದು ಸಾಕು, ಯಾರ ಕೈಯಿಂದ ತಿಂತೀರಿ ಹೇಳಿ

"ಊಟದಲ್ಲೂ ಜಾತಿ ತರ್ತೀರಲ್ಲ ಸಾರ್, ನಿಮಗೆ ಬೇರೆ ಕೆಲ್ಸ ಇಲ್ವಾ?"

ಹೋದ ವಾರ ಬೋಟಿ ಗೊಜ್ಜಿನ ಫೋಟೋ ಹಾಕಿ ನಾಲ್ಕು ಸಾಲು ಬರೆದಿದ್ದಕ್ಕೆ ಬಂದ ಕಾಮೆಂಟ್ ಇದು. ಹಾಕಿದವರ ಪ್ರೊಫೈಲ್ ನೋಡಿದೆ. ತಾರಸಿ ತೋಟ, ಮನೆಯಲ್ಲೇ ಬೆಳೆದ ಟೊಮೆಟೊ, ಭಾನುವಾರ ಬಂದರೆ ಒಂದೊಂದು ಊರಿನ ಒಂದೊಂದು ಹೋಟೆಲು, ತಟ್ಟೆ ಇಡ್ಲಿ, ಬೆಣ್ಣೆ ದೋಸೆ. ಅದರ ಕೆಳಗೆ "ಅನ್ನಕ್ಕೆ ಜಾತಿ ಇಲ್ಲ" ಅನ್ನೋ ಸಾಲು. ಅವರು ತಿನ್ನೋದರ ಮೇಲೆ ನನಗೇನೂ ಹೊಟ್ಟೆಕಿಚ್ಚಿಲ್ಲ, ಚೆನ್ನಾಗಿ ತಿನ್ನಲಿ. ಆದರೆ ಊಟಕ್ಕೆ ಜಾತಿ ತಂದವರು ನಾವಲ್ಲ. ಅದನ್ನ ಮಣ್ಣಿಂದ ಶುರು ಮಾಡಿ ಎಲೆವರೆಗೂ ಹೇಳ್ತೀನಿ. ಪೋಸ್ಟ್ ಉದ್ದ ಇದೆ. ಪೂರ್ತಿ ಓದಿ, ಆಮೇಲೆ ಬಯ್ಯಿರಿ.

ಮೊದಲು ಬೆಳೆಯೋ ವಿಷಯ. "ಮನೆ ಹಿಂದೆ ಒಂಚೂರು ಜಾಗ ಇದ್ರೆ ಸಾಕು, ವಿಷ ಇಲ್ಲದ ತರಕಾರಿ ನಾವೇ ಬೆಳ್ಕೋಬಹುದು" ಅಂತ ವಿಡಿಯೊ ಮಾಡ್ತಾರೆ. ಮನೆ ಹಿಂದೆ ಜಾಗ! ನಮ್ಮ ಕೇರಿಗಳಲ್ಲಿ ಒಬ್ಬರ ಮನೆಯ ಹಿಂದಿನ ಗೋಡೆಗೆ ಇನ್ನೊಬ್ಬರ ಮನೆ ಒರಗಿ ನಿಂತಿರುತ್ತೆ. "ಹಿತ್ತಲ ಗಿಡ ಮದ್ದಲ್ಲ" ಅನ್ನೋ ಗಾದೆ ಕಟ್ಟಿದವರಿಗೆ ಹಿತ್ತಲಾದರೂ ಇತ್ತು. ನಮ್ಮವ್ವ ತೂತಾದ ಎಣ್ಣೆ ಡಬ್ಬಕ್ಕೆ ಮಣ್ಣು ತುಂಬಿ ಸೋರೆ ಬೀಜ ಹಾಕಿ ಬಳ್ಳೀನ ಹೆಂಚಿನ ಮೇಲೆ ಹಬ್ಬಿಸ್ತಿದ್ದಳು. ಅದಕ್ಕೆ ಯಾರೂ ಕಿಚನ್ ಗಾರ್ಡನ್ ಅನ್ನಲಿಲ್ಲ.

ನಮ್ಮ ನಿಜವಾದ ಸೊಪ್ಪಿನ ತೋಟ ಇದ್ದದ್ದು ಬೇರೆಯವರ ಹೊಲದಲ್ಲಿ. ಕಳೆ ಕೀಳೋಕೆ ಹೋದ ಹೆಂಗಸರು ಸಂಜೆ ಮಡಿಲು ತುಂಬ ಅಣ್ಣೆಸೊಪ್ಪು, ಗಣಿಕೆ ಸೊಪ್ಪು, ಹೊನಗೊನೆ, ಕೀರೆ, ಗೋಣಿಸೊಪ್ಪು ತರೋರು. ಹೊಲದ ಯಜಮಾನನಿಗೆ ಅದು ಕಳೆ. ನಮಗೆ ಅದು ಮಸ್ಸೊಪ್ಪು, ಉಪ್ಸಾರು. ಈಗ ಕಳೆನಾಶಕ ಬಂದಿದೆ. ಒಬ್ಬ ಆಳು ಬೆನ್ನಿಗೆ ಕ್ಯಾನ್ ಕಟ್ಕೊಂಡು ಒಂದು ಬೆಳಗ್ಗೆ ಹೊಡೆದರೆ ಮುಗೀತು. ಹೆಂಗಸರ ಕೂಲಿ ಹೋಯ್ತು, ಕೂಲಿ ಜೊತೆ ಬರ್ತಿದ್ದ ಸಾರೂ ಹೋಯ್ತು. ವಿಷಮುಕ್ತ ಆಹಾರದ ಮೇಲೆ ಭಾಷಣ ಮಾಡೋರ ಬಾಯಲ್ಲಿ ಈ ಲೆಕ್ಕ ನಾನು ಕೇಳಿಲ್ಲ.

ಧಾನ್ಯದ ಕತೆಯೂ ಇದೇ. ನವಣೆ, ಸಾಮೆ, ಹಾರಕ ನಮ್ಮ ಮಡಕೇಲಿ ಬೇಯೋವಾಗ ಅದರ ಹೆಸರು ಕಿರುಧಾನ್ಯ, ಬಡವರ ಕೂಳು. ವಿಶ್ವಸಂಸ್ಥೆ 2023ನ್ನ ಅದರ ವರ್ಷ ಅಂತ ಘೋಷಿಸೋ ಹೊತ್ತಿಗೆ ಅದು ಸಿರಿಧಾನ್ಯ ಆಗಿತ್ತು. ಹೆಸರಿಗೆ ಸಿರಿ ಬಂತು, ರೇಟಿಗೂ ಬಂತು. ಒಂದು ಕಾಲಕ್ಕೆ ಅದನ್ನೇ ತಿಂದು ಬದುಕಿದವರು ಈಗ ರೇಷನ್ ಅಕ್ಕಿ ಅನ್ನ ತಿಂತಾ ಶುಗರ್ ಮಾತ್ರೆ ನುಂಗ್ತಿದ್ದಾರೆ.

ಬೆಳೀಬೇಕು ಅಂದ್ರೆ ನೆಲ ಬೇಕು. ಸರ್ಕಾರ ಕೊಟ್ಟ ತುಂಡು ಭೂಮೀನ ಕಷ್ಟಕಾಲದಲ್ಲಿ ಪುಡಿಗಾಸಿಗೆ ಕಳ್ಕೊಂಡವರಿಗೆ ಅಂತಲೇ 1978ರಲ್ಲಿ ಪಿಟಿಸಿಎಲ್ ಕಾಯ್ದೆ ಬಂತು. 2017ರಲ್ಲಿ ಸುಪ್ರೀಂ ಕೋರ್ಟು "ತಡವಾಗಿ ಬಂದಿದ್ದೀರಿ" ಅನ್ನೋ ಅರ್ಥದ ತೀರ್ಪು ಕೊಟ್ಟ ಮೇಲೆ ಅರ್ಜಿಗಳು ಬಿದ್ದುಹೋದವು. ಕಾಲಮಿತಿ ಇಲ್ಲ ಅಂತ ತಿದ್ದುಪಡಿ ಆಗೋಕೆ 2023ರವರೆಗೂ ಬೀದೀಲಿ ಕೂರಬೇಕಾಯ್ತು. ಇದನ್ನೂ ಊಟದ ವಿಷಯ ಅಂತಲೇ ಬರ್ಕೊಳ್ಳಿ.

ಇನ್ನು ಒಲೆ ಹತ್ರ ಬನ್ನಿ.

ಕುರಿ ಬಾಡು ಕೇಜಿಗೆ 700 ರೂಪಾಯಿ ದಾಟಿದೆ. ಕೂಲಿ ಮಾಡೋ ಮನೇಲಿ ಮಕ್ಕಳ ಮೈಗೆ ಶಕ್ತಿ ಕೊಡ್ತಿದ್ದದ್ದು ದೊಡ್ಡ ಬಾಡು. ಹಸಿದಿದ್ದು ಸಿಕ್ಕಾಗ ಸಾರು, ಮಿಕ್ಕಿದ್ದು ದಾರಕ್ಕೆ ಪೋಣಿಸಿ ಬಿಸಿಲಿಗೆ ಕಟ್ಟಿ ಕೊರಬಾಡು. ಮಳೆಗಾಲದಲ್ಲಿ ಕೆಲಸ ಇಲ್ಲದಾಗ ಅವರೆಕಾಳಿನ ಜೊತೆ ಎರಡು ತುಂಡು ಬಿದ್ದರೆ ಮನೆಮಂದಿಗೆಲ್ಲ ಮುದ್ದೆ ಇಳೀತಿತ್ತು. 1964ರ ಕಾಯ್ದೆಯಲ್ಲಿ ವಯಸ್ಸಾದ ಎತ್ತನ್ನ ಕಡಿಯೋಕೆ ಅವಕಾಶ ಇತ್ತು. 2020ರ ಕಾಯ್ದೆ ಅದನ್ನೂ ಮುಚ್ಚಿತು. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಬೇರೇನೂ ಮುಟ್ಟೋ ಹಾಗಿಲ್ಲ. ಮುಟ್ಟಿದರೆ 3ರಿಂದ 7 ವರ್ಷ ಜೈಲು, ಮೊದಲ ಸಲಕ್ಕೇ 50 ಸಾವಿರದಿಂದ 5 ಲಕ್ಷದವರೆಗೆ ದಂಡ. ಒಂದು ಹೊತ್ತಿನ ಸಾರಿಗೆ ಐದು ಲಕ್ಷ! ದನ ತಿಂದದ್ದಕ್ಕೂ ಅಸ್ಪೃಶ್ಯತೆಗೂ ಇರೋ ನಂಟನ್ನ ಬಾಬಾಸಾಹೇಬರು 1948ರಲ್ಲೇ ಒಂದು ಇಡೀ ಪುಸ್ತಕ ಬರೆದು ಬಿಡಿಸಿಟ್ಟರು. ನಮ್ಮ ಸರ್ಕಾರಗಳು ಅವರ ಪ್ರತಿಮೆಗೆ ಹಾರ ಹಾಕ್ತವೆ, ಆ ಪುಸ್ತಕ ಮಾತ್ರ ತೆಗೆಯಲ್ಲ.

"ಸಸ್ಯಾಹಾರ ನಮ್ಮ ದೇಶದ ಸಂಸ್ಕೃತಿ" ಅಂತೀರಲ್ಲ, ಕೇಂದ್ರ ಸರ್ಕಾರದ್ದೇ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. 2019-21ರದ್ದು. 15ರಿಂದ 49 ವಯಸ್ಸಿನ ಗಂಡಸರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು, ಹೆಂಗಸರಲ್ಲಿ ಸುಮಾರು 70 ಜನ ಮೀನೋ ಕೋಳಿಯೋ ಮಾಂಸವೋ ಯಾವುದಾದರೂ ಒಂದನ್ನ ತಿನ್ನೋರೇ. ಹಾಗಿದ್ದೂ ಬೋರ್ಡಿನ ಮೇಲೆ "ಶುದ್ಧ ಸಸ್ಯಾಹಾರಿ". ಸಸ್ಯಾಹಾರಿ ಅಂದ್ರೆ ಸಾಲದಾ? ಆ "ಶುದ್ಧ" ಯಾತಕ್ಕೆ? ಅಲ್ಲಿ ಶುದ್ಧ ಅಂದರೆ ಇಲ್ಲಿ ನಾವು ಅಶುದ್ಧ ಅಂತ ತಾನೇ?

ಇದೇ ಶುದ್ಧದ ರೋಗ 2024ರ ಡಿಸೆಂಬರಿನ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೂ ಅಂಟಿತ್ತು. ಮಳಿಗೆಗಳ ಷರತ್ತಲ್ಲಿ ಮದ್ಯ, ತಂಬಾಕಿನ ಪಕ್ಕದಲ್ಲೇ ಮಾಂಸಾಹಾರಾನೂ ನಿಷೇಧದ ಪಟ್ಟಿಗೆ ಸೇರಿಸಿದ್ದರು. ಮುದ್ದೆ ಬಾಡಿನ ಮಂಡ್ಯದಲ್ಲಿ! "ಬಾಡೇ ನಮ್ಮ ಗಾಡು" ಅಂತ ನಮ್ಮ ಹುಡುಗರು ಬೀದಿಗೆ ಬಂದ ಮೇಲೆ ಆ ಸಾಲು ಹೋಯ್ತು. ಅವತ್ತೂ ನಮಗೆ ಸಿಕ್ಕ ಬುದ್ಧಿಮಾತು ಒಂದೇ: "ಮೂರು ದಿನ ತಿನ್ನದಿದ್ರೆ ಸತ್ತೋಗ್ತೀರಾ?" ಪ್ರಶ್ನೆ ಮೂರು ದಿನದ್ದಲ್ಲ ಸ್ವಾಮಿ. ನಮ್ಮ ತಟ್ಟೆನ ಹೆಂಡದ ಬಾಟಲಿ ಪಕ್ಕ ಇಟ್ಟದ್ದು ಯಾಕೆ ಅನ್ನೋದು.

ಶಾಲೆ ಮಕ್ಕಳ ಮೊಟ್ಟೆಗೂ ಹೀಗೇ ಆಯ್ತು. 2021ರ ಡಿಸೆಂಬರಲ್ಲಿ ಅಪೌಷ್ಟಿಕತೆ ಹೆಚ್ಚಿರೋ ಉತ್ತರದ ಜಿಲ್ಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಎದ್ದು ನಿಂತರು. ಬೇಡ ಅನ್ನೋ ಮಕ್ಕಳಿಗೆ ಬಾಳೆಹಣ್ಣು ಇತ್ತು, ಆದರೂ ಸಮಾಧಾನ ಇಲ್ಲ. ಆಗ ಗಂಗಾವತಿಯ ಶಾಲಾ ಹುಡುಗಿಯರು ಮೈಕಿನ ಮುಂದೆ ನಿಂತು ಕೇಳಿದ್ದನ್ನ ಇಡೀ ರಾಜ್ಯ ನೋಡಿತು. ನಾವೆಲ್ಲ ಸೇರಿ ಹಾಕಿದ ಹತ್ತು ಹೇಳಿಕೆಗಿಂತ ಆ ಮಕ್ಕಳ ಮಾತು ಗಟ್ಟಿಯಾಗಿತ್ತು. ಮೊಟ್ಟೆ ಇವತ್ತು ಇಡೀ ರಾಜ್ಯದ ಶಾಲೆಗಳಲ್ಲಿದೆ.

ಗೆದ್ದೆವು ಅಂತ ಸುಮ್ಮನಾಗೋ ಹಾಗಿಲ್ಲ. ಯಾಕಂದ್ರೆ ಇಲ್ಲಿವರೆಗೆ ಹೇಳಿದ್ದೆಲ್ಲ "ಏನು ತಿನ್ನಬೇಕು" ಅನ್ನೋ ಜಗಳ. ಅದಕ್ಕಿಂತ ಆಳದ ಜಗಳ ಇನ್ನೊಂದಿದೆ: ಬೇಯಿಸೋರು ಯಾರು? ಬಡಿಸೋರು ಯಾರು?

ಬಿಸಿಯೂಟದ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು ಆದೇಶ ಮಾಡಿದ್ದು 2004ರ ಏಪ್ರಿಲ್ 20ರಂದು. ಇಪ್ಪತ್ತು ವರ್ಷ ದಾಟಿತು. 2025ರ ಜೂನಲ್ಲಿ ಚಾಮರಾಜನಗರ ಜಿಲ್ಲೆಯ ಒಂದು ಊರಿಂದ ಬಂದ ಸುದ್ದಿ ಓದಿದಿರಿ ತಾನೇ? ದಲಿತ ಹೆಣ್ಣುಮಗಳು ಮುಖ್ಯ ಅಡುಗೆಯವಳಾದ ಮೇಲೆ ತಂದೆತಾಯಿಗಳು ಮಕ್ಕಳನ್ನ ಶಾಲೆ ಬಿಡಿಸಿದರು, ಶಾಲೆ ಹೆಚ್ಚುಕಮ್ಮಿ ಖಾಲಿಯಾಯ್ತು ಅಂತ. ಆಮೇಲೆ "ಅಡುಗೆ ಕಾರಣ ಅಲ್ಲ, ಪಾಠ ಸರಿ ಇಲ್ಲ" ಅನ್ನೋ ಸಮಜಾಯಿಷಿಯೂ ಬಂತು. ಇಲ್ಲಿ ಬಾಡಿರಲಿಲ್ಲ, ದನ ಇರಲಿಲ್ಲ. ಇದ್ದದ್ದು ಸರ್ಕಾರದ ಅಕ್ಕಿ, ಬೇಳೆ, ತರಕಾರಿ. ಹಾಗಾದ್ರೆ ಸಮಸ್ಯೆ ಸೌಟು ಹಿಡಿದ ಕೈಯದ್ದು. "ನೀವು ಮಾಂಸ ತಿಂತೀರಿ, ಅದಕ್ಕೆ ದೂರ ಇಡ್ತೀವಿ" ಅನ್ನೋದು ಹಸೀ ಸುಳ್ಳು ಅಂತ ಗೊತ್ತಾಗೋಕೆ ಇದಕ್ಕಿಂತ ಸಾಕ್ಷಿ ಬೇಕಾ?

ಈಗ ಹೊರಗಡೆ ಊಟಕ್ಕೆ ಬನ್ನಿ, ಫುಡ್ ವ್ಲಾಗರ್‌ಗಳು ಸುತ್ತೋ ಕಡೆ. ಬೀದೀಲಿ ನಡ್ಕೊಂಡು ಹೋದರೆ ಬೋರ್ಡುಗಳು ಸಾಲಾಗಿ ಕಾಣ್ತವೆ. ಅಯ್ಯಂಗಾರ್ ಬೇಕರಿ. ಬ್ರಾಹ್ಮಣರ ಕಾಫಿ. ಲಿಂಗಾಯತ ಖಾನಾವಳಿ. ಗೌಡ್ರ ಮುದ್ದೆ ಊಟ. ಅಲ್ಲೆಲ್ಲ ಜಾತಿ ಹೆಸರು ಅಂದ್ರೆ ರುಚಿಗೆ ಗ್ಯಾರಂಟಿ. "ಹೊಲೆಯರ ಬಾಡೂಟ", "ಮಾದಿಗರ ಬೋಟಿ ಗೊಜ್ಜು" ಅನ್ನೋ ಬೋರ್ಡು ಎಲ್ಲಾದರೂ ನೋಡಿದ್ದೀರಾ? ಹಾಕಿದರೆ ಎಷ್ಟು ದಿನ ನಡೆಯುತ್ತೆ? ಬೋಟಿ, ತಲೆಮಾಂಸ, ಕಾಲು ಸೂಪು ಎಲ್ಲ ಹೋಟೆಲ್ಲೂ ಮಾರ್ತಾವೆ. ಅದನ್ನ ತೊಳೆದು, ಸುಟ್ಟು, ರುಚಿ ಬರಿಸೋದನ್ನ ತಲೆತಲಾಂತರದಿಂದ ಕಲಿತವರ ಹೆಸರಲ್ಲಿ ಮಾತ್ರ ಮಾರೋ ಹಾಗಿಲ್ಲ.

ನಮ್ಮ ಚಿಕ್ಕವ್ವ ಒಂದು ತಾಲ್ಲೂಕು ಕೇಂದ್ರದ ಬಸ್ ಸ್ಟ್ಯಾಂಡ್ ಹತ್ರ ಇಡ್ಲಿ ಗಾಡಿ ಇಟ್ಟಿದ್ದಳು. ಇಡ್ಲಿ, ಕಾಯಿ ಚಟ್ನಿ, ಶನಿವಾರ ಚಿತ್ರಾನ್ನ. ಎರಡು ತಿಂಗಳು ಬೆಳಗ್ಗೆ ಒಂಬತ್ತಕ್ಕೆಲ್ಲ ಪಾತ್ರೆ ಖಾಲಿ. ಏಪ್ರಿಲ್ 14ಕ್ಕೆ ಗಾಡಿಗೆ ಬಾಬಾಸಾಹೇಬರ ಒಂದು ಫೋಟೋ ಅಂಟಿಸಿದಳು. ಮಾರನೇ ದಿನದಿಂದ ಗಿರಾಕಿಗಳಿಗೆ ಹೊಸ ಪ್ರಶ್ನೆ: "ಯಾವೂರವ್ವ ನಿಮ್ದು? ಯಾವ ಜನ?" ಒಬ್ಬೊಬ್ಬರೇ ಪಕ್ಕದ ಗಾಡಿಗೆ ಸರಿದರು. ಯಾರೂ ಬೈಲಿಲ್ಲ, ಯಾರೂ ಹೊಡೀಲಿಲ್ಲ. "ಫೋಟೋ ತೆಗೆದುಬಿಡವ್ವ, ವ್ಯಾಪಾರ ಆಯ್ತದೆ" ಅಂತ ಬುದ್ಧಿ ಹೇಳಿದವರಲ್ಲಿ ನಮ್ಮೋರೂ ಇದ್ದರು. ಅವಳು ತೆಗೀಲಿಲ್ಲ. ಗಾಡಿ ಮಾರಿ ಬೆಂಗಳೂರಿಗೆ ಹೋಗಿ ಗಾರ್ಮೆಂಟ್ಸ್ ಕ್ಯಾಂಟೀನಲ್ಲಿ ಅಡುಗೆ ಮಾಡ್ತಿದ್ದಾಳೆ. ಇದನ್ನ ಯಾವ ಠಾಣೇಲಿ ದೂರು ಕೊಡೋಣ? ಇಡ್ಲಿ ತಿನ್ನದೇ ಇರೋದು ಯಾವ ಸೆಕ್ಷನ್ನಿಗೆ ಬರುತ್ತೆ?

ಎರಡು ಲೋಟದ ಕಾಲ ಮುಗೀತಲ್ಲ ಅಂತೀರಿ. ಹೋಟೆಲಿಗೆ ಪ್ರವೇಶ ತಡೆಯೋದಷ್ಟೇ ಅಲ್ಲ, ಅಲ್ಲಿನ ಪಾತ್ರೆ ಮುಟ್ಟದ ಹಾಗೆ ತಡೆಯೋದೂ ಅಪರಾಧ ಅಂತ 1955ರ ಕಾಯ್ದೆಯಲ್ಲೇ ಬರೆದಿದೆ. ಆ ಕಾಯ್ದೆ ಇದ್ದೂ ದಲಿತ ಸಂಘರ್ಷ ಸಮಿತಿಯ ನಮ್ಮ ಹಿರಿಯರು ಊರೂರು ಅಲೆದು, ಹೋಟೆಲೊಳಗೆ ನುಗ್ಗಿ ಕೂತು, ಪೆಟ್ಟು ತಿಂದು ಆ ಬೇರೆ ಲೋಟಗಳನ್ನ ತೆಗೆಸಬೇಕಾಯ್ತು. ಈಗ ಎಷ್ಟೋ ಹಳ್ಳಿಗಳಲ್ಲಿ ಪೇಪರ್ ಕಪ್ ಬಂದಿದೆ. ಎಲ್ಲರಿಗೂ ಪೇಪರ್ ಕಪ್ ಆದರೆ ಸರಿ. ಊರವರಿಗೆ ಗಾಜಿನ ಲೋಟ, ಕೇರಿಯವರು ಬಂದಾಗ ಮಾತ್ರ ಪೇಪರ್ ಕಪ್ ಆದರೆ ಅದು ಅದೇ ಹಳೇ ಲೋಟ. ಮುಂದಿನ ಸಲ ಊರಿಗೆ ಹೋದಾಗ ಟೀ ಅಂಗಡೀಲಿ ಐದು ನಿಮಿಷ ಸುಮ್ಮನೆ ನಿಂತು ನೋಡಿ.

ನಗರ ಏನೂ ಕಡಿಮೆ ಇಲ್ಲ. 2024ರ ಮಾರ್ಚಲ್ಲಿ ಜೊಮ್ಯಾಟೊ "ಪ್ಯೂರ್ ವೆಜ್" ಊಟ ತಲುಪಿಸೋಕೆ ಬೇರೆ ಹುಡುಗರು, ಅವರಿಗೆ ಹಸಿರು ಬಟ್ಟೆ ಅಂತ ಹೊರಟಿತು. ಗಲಾಟೆ ಆದ ಮೇಲೆ ಮರುದಿನವೇ ಹಸಿರು ಬಟ್ಟೆ ಬಿಟ್ಟರು, ಬೇರೆ ಹುಡುಗರನ್ನ ಬಿಡಲಿಲ್ಲ. ಮಡಿ ಈಗ ಮೊಬೈಲ್ ಆ್ಯಪಲ್ಲಿ ಸಿಗುತ್ತೆ.

ದಲಿತರ ಮನೇಲಿ ಊಟ ಮಾಡೋ ರಾಜಕಾರಣಿಗಳ ವಿಷಯ ಉದ್ದ ಹೇಳಲ್ಲ. 2017ರಲ್ಲಿ ಚಿತ್ರದುರ್ಗದಲ್ಲಿ ದಲಿತರ ಮನೆಗೆ ತಿಂಡಿಗೆ ಹೋದ ದೊಡ್ಡ ನಾಯಕರ ತಟ್ಟೆಗೆ ಹೋಟೆಲ್ ಇಡ್ಲಿ ಬಂತು ಅನ್ನೋ ವಿವಾದ ನೆನಪಿರಬೇಕು. ಮನೆ ನಮ್ಮದು, ಚಾಪೆ ನಮ್ಮದು, ಕ್ಯಾಮೆರಾಗೆ ಮುಖ ನಮ್ಮದು. ಅಡುಗೆ ಮಾತ್ರ ನಮ್ಮದಲ್ಲ!

ಕೊನೆಗೆ ನಮ್ಮವರಿಗೆ, ಈ ಪೋಸ್ಟಿಗೆ ಜೈಭೀಮ್ ಅಂತ ಕಾಮೆಂಟ್ ಹಾಕೋಕೆ ಬೆರಳು ಎತ್ತಿರೋ ಸಂಗಾತಿಗಳಿಗೆ ಒಂದು ಮಾತು. ನಮ್ಮ ವಿಚಾರ ಸಂಕಿರಣಗಳಲ್ಲಿ ಊಟ ಏನು? ಪಲಾವು, ಮೊಸರುಬಜ್ಜಿ, ಕೇಸರಿಬಾತು. ಕೇಳಿದರೆ "ಎಲ್ಲರೂ ತಿನ್ನೋ ಹಾಗಿರಲಿ ಅಣ್ಣ". ಆ "ಎಲ್ಲರೂ" ಯಾರು? ವೇದಿಕೆ ಮೇಲೆ ಆಹಾರದ ಹಕ್ಕು, ಹಿಂದುಗಡೆ ಶಾಮಿಯಾನದಲ್ಲಿ ಕೇಟರಿಂಗ್ ಭಟ್ಟರು. ಬೇಡ ಅನ್ನೋರಿಗೆ ಪಲಾವೂ ಇರಲಿ, ಯಾರೂ ಬೇಡ ಅನ್ನಲ್ಲ. ಆದರೆ ಎರಡನ್ನೂ ಬೇಯಿಸೋ ಆರ್ಡರು, ಅದರ ದುಡ್ಡು ನಮ್ಮ ಕೇರಿ ಹೆಂಗಸರ ಸಂಘಕ್ಕೆ ಹೋಗಲಿ.

ಮೂರು ಕೆಲಸ ಹೇಳ್ತೀನಿ.

ಒಂದು. ನಿಮ್ಮ ತಾಲ್ಲೂಕಿನ ಅಕ್ಷರ ದಾಸೋಹ ಕಚೇರಿಗೆ 10 ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಎಷ್ಟು ಶಾಲೇಲಿ ಪರಿಶಿಷ್ಟ ಜಾತಿ-ಪಂಗಡದ ಮುಖ್ಯ ಅಡುಗೆಯವರಿದ್ದಾರೆ, ಅದರಲ್ಲಿ ನಮ್ಮ ಕೇರಿ ಶಾಲೆಗಳೆಷ್ಟು, ಊರೊಳಗಿನ ಶಾಲೆಗಳೆಷ್ಟು ಕೇಳಿ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಲಿ, ಇಲ್ಲದಿದ್ರೆ ವಾಪಸ್ ಬರುತ್ತೆ. ಉತ್ತರ ಬಂದದ್ದನ್ನ ಎಲ್ಲರೂ ಸೇರಿಸೋಣ.

ಎರಡು. ಮುಂದಿನ ಏಪ್ರಿಲ್ 14ಕ್ಕೆ ಊರಿನ ಜಯಂತಿ ಊಟ ನಮ್ಮ ಹೆಂಗಸರೇ ಬೇಯಿಸಲಿ, ಸಂಬಳ ಕೊಟ್ಟು. ಊರಿನ ಎಲ್ಲ ಜಾತಿಯವರನ್ನೂ ಮನೆಮನೆಗೆ ಹೋಗಿ ಕರೀರಿ. ಬಂದವರಿಗೆ ಪ್ರೀತಿಯಿಂದ ಬಡಿಸಿ. ಬಾರದವರ ಪಟ್ಟಿ ಬರೀಬೇಕಾಗಿಲ್ಲ, ಅದು ಊರಿಗೇ ಗೊತ್ತಾಗುತ್ತೆ.

ಮೂರು. ನಮ್ಮವರು ಇಟ್ಟಿರೋ ಗಾಡಿ, ಮೆಸ್ಸು, ಬಾಡೂಟದ ಹೋಟೆಲು ಎಲ್ಲಿದ್ದರೂ ಹುಡುಕಿ ಹೋಗಿ ತಿನ್ನಿ, ದುಡ್ಡು ಕೊಟ್ಟು ತಿನ್ನಿ, ಕಾಮೆಂಟಲ್ಲಿ ಊರು, ಜಾಗ ಬರೀರಿ. ಹೆಸರು ಹಾಕೋ ಮುಂಚೆ ಅವರನ್ನ ಕೇಳಿ. ಯಾಕೆ ಕೇಳಬೇಕು ಅಂತ ಮೇಲೆ ಬರೆದಿದ್ದೀನಿ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಆ ನೀರು ಕುಡಿಯದಿದ್ದರೆ ಯಾರೂ ಸಾಯ್ತಿರಲಿಲ್ಲ. ಅವರು ಇಳಿದದ್ದು ಬಾಯಾರಿಕೆಗಲ್ಲ, ನಾವೂ ಎಲ್ಲರ ಹಾಗೆ ಮನುಷ್ಯರು ಅಂತ ಸಾರೋಕೆ. ನಮ್ಮ ಊಟದ ಜಗಳವೂ ರುಚಿಗಲ್ಲ.

ಕಾಮೆಂಟ್ ಹಾಕಿದ ಆ ಸ್ನೇಹಿತರಿಗೆ: ನಿಮ್ಮ ತಾರಸಿ ಟೊಮೆಟೊ ಚೆನ್ನಾಗಿದೆ ಸಾರ್. ಒಂದು ಭಾನುವಾರ ನಮ್ಮ ಕಡೆಗೂ ಬನ್ನಿ. ಬಾಡು ಬೇಡದಿದ್ರೆ ಉಪ್ಸಾರು, ಮುದ್ದೆ ಮಾಡಿಸ್ತೀನಿ. ಆದರೆ ಹೋಟೆಲಿಂದ ತರ್ಸಲ್ಲ.

ಜೈಭೀಮ್.