ದೊರಕದಿರುವುದು ತ್ಯಾಗವಲ್ಲ

ಉಡುಪಿ ಜಿಲ್ಲೆಯ ಉತ್ತರದ ಅಂಚಿನ ಶಿರೂರಿನಲ್ಲಿ ಅಮಲಿನ ಜಗಳವೊಂದು ಬಂಧನದಲ್ಲಿ ಕೊನೆಗೊಂಡಿತೆನ್ನೋಣ. ನ್ಯಾಯಾಂಗ ಬಂಧನಕ್ಕೊಳಗಾದವನು ಹಿರಿಯಡ್ಕದ ಜಿಲ್ಲಾ ಕಾರಾಗೃಹವನ್ನು ಸೇರುತ್ತಾನೆ. ‘ಒಳಗಿದ್ದರೆ ಕುಡಿತವಾದರೂ ಬಿಟ್ಟೀತು’ ಎಂದು ಮನೆಯವರು ಸಮಾಧಾನಪಟ್ಟುಕೊಳ್ಳುತ್ತಾರೆ. ಈ ಸಮಾಧಾನ ಎಷ್ಟರಮಟ್ಟಿಗೆ ನಿಜ?

ಜೈನಧರ್ಮವು ಮದ್ಯವನ್ನು ಸಪ್ತವ್ಯಸನಗಳಲ್ಲಿ ಒಂದೆಂದು ಎಣಿಸಿದೆ. ಆಚಾರ್ಯ ಸಮಂತಭದ್ರರ ‘ರತ್ನಕರಂಡಕ ಶ್ರಾವಕಾಚಾರ’ವು ಮದ್ಯತ್ಯಾಗವನ್ನು ಗೃಹಸ್ಥನ ಅಷ್ಟಮೂಲಗುಣಗಳಲ್ಲಿ ಸೇರಿಸಿದೆ. ಸಂಕಲ್ಪಪೂರ್ವಕವಾದ ವಿರತಿಯೇ ವ್ರತವೆಂಬುದು ಆ ಗ್ರಂಥದ ನಿಲುವು. ಸೆರೆಮನೆಯ ಗೋಡೆ ಮದ್ಯವನ್ನು ದೂರವಿಡಬಲ್ಲದು, ಸಂಕಲ್ಪವನ್ನು ಹುಟ್ಟಿಸಲಾರದು.

ದೇಹದ ಸ್ಥಿತಿಯನ್ನೂ ಮರೆಯಬಾರದು. ಬಹುಕಾಲ ಅತಿಯಾಗಿ ಕುಡಿದವನಿಗೆ ಮದ್ಯ ಥಟ್ಟನೆ ನಿಂತರೆ ಮೊದಲ ದಿನವೇ ಕೈನಡುಕ, ಬೆವರು, ನಿದ್ರಾಹೀನತೆ ತೋರಬಹುದು. ಎರಡು ದಿನಗಳೊಳಗೆ ಅಪಸ್ಮಾರದಂತಹ ಸೆಳೆತ, ಬಳಿಕ ಭ್ರಾಂತಿಯೂ ಬರಬಹುದು. ಚಿಕಿತ್ಸೆಯಿಲ್ಲದಿದ್ದರೆ ಪ್ರಾಣಕ್ಕೇ ಅಪಾಯ. ಇದನ್ನು ನಟನೆಯೆಂದು ಕಡೆಗಣಿಸುವುದೂ ಹಿಂಸೆಯೇ. ಆದ್ದರಿಂದ ಕುಡಿತದ ಪ್ರಮಾಣವನ್ನು ಪ್ರವೇಶದ ದಿನವೇ ಕೇಳಿ ವೈದ್ಯರಿಗೆ ತಿಳಿಸಬೇಕು. ಮನೆಯವರೂ ಅದನ್ನು ಮುಚ್ಚಿಡಬಾರದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯದ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯಲ್ಲಿ ಸೇರಿಸಿದೆ. ಬಂದಿಗಳ ಚಿಕಿತ್ಸೆಯ ಕುರಿತೂ ಹೇಳಿದೆ. ಬೆಂಗಳೂರಿನ ಕೇಂದ್ರ ಕಾರಾಗೃಹದ ಬಗ್ಗೆ ನಿಮ್ಹಾನ್ಸ್ 2011ರಲ್ಲಿ ಪ್ರಕಟಿಸಿದ ಅಧ್ಯಯನವೂ ವ್ಯಸನವು ಬಂದಿಗಳ ದೊಡ್ಡ ಆರೋಗ್ಯ ಸಮಸ್ಯೆಯೆಂದು ತೋರಿಸಿತ್ತು.

ಆದರೆ ನಿಜವಾದ ಪರೀಕ್ಷೆ ಬಿಡುಗಡೆಯ ದಿನದ್ದು. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆ ಊರೂರಲ್ಲಿ ನಡೆಸುವ ಮದ್ಯವರ್ಜನ ಶಿಬಿರಗಳು ಇಲ್ಲಿ ದಾರಿ ತೋರುತ್ತವೆ. ಶಿಬಿರ ಕೆಲವೇ ದಿನಗಳದ್ದು. ಅನಂತರ ಕುಡಿತ ಬಿಟ್ಟವರನ್ನು ಒಗ್ಗೂಡಿಸುವ ನವಜೀವನ ಸಮಿತಿಗಳದೇ ದೀರ್ಘವಾದ ಕೆಲಸ. ಜೈಲಿನಿಂದ ಹೊರಬರುವವನಿಗೂ ಇಂತಹ ಬಳಗವೇ ಬೇಕು.

ಧರ್ಮದಿಂದ ಜಾರುವವನನ್ನು ಮತ್ತೆ ನೆಲೆಗೊಳಿಸುವ ಸ್ಥಿತಿಕರಣವು ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಒಂದು. ಅದಕ್ಕೆ ನಿದರ್ಶನ ವಾರಿಷೇಣ ಮುನಿ. ಶ್ರೇಣಿಕ ರಾಜನ ಮಗನಾದ ಈತ ಸ್ವತಃ ಕಳ್ಳತನದ ಸುಳ್ಳು ಆರೋಪ ಹೊತ್ತು ಕತ್ತಿಯ ಕೆಳಗೆ ನಿಂತವನು. ಮುಂದೆ ಜೊತೆಗಾರ ಮುನಿಯ ಮನಸ್ಸು ಬಿಟ್ಟುಬಂದ ಸಂಸಾರದತ್ತ ಹೊರಳಿದಾಗ ಅವನನ್ನು ನಿಂದಿಸಲಿಲ್ಲ, ದೂರ ತಳ್ಳಲಿಲ್ಲ. ತನ್ನ ಅರಮನೆಗೇ ಕರೆದೊಯ್ದು, ತಾನು ತೊರೆದ ವೈಭವವನ್ನು ತೋರಿಸಿ ಸ್ಥಿರಗೊಳಿಸಿದ. ಆಕರ್ಷಣೆಯ ಎದುರಿಗೇ ಜೊತೆಗೆ ನಿಂತದ್ದು ಆತನ ಹಿರಿಮೆ.

ಶಿರೂರಿಗೆ ಮರಳುವವನೂ ಅದೇ ಹೆದ್ದಾರಿ, ಅದೇ ಗೆಳೆಯರು, ಅದೇ ಸಂಜೆಯನ್ನು ಎದುರಿಸಬೇಕು. ಆಜೀವ ಪ್ರತಿಜ್ಞೆಯನ್ನು ಒಮ್ಮೆಲೇ ಹೇರಿದರೆ ಅದು ಮುರಿದಾಗ ಅವನೂ ಕುಸಿಯುತ್ತಾನೆ. ಕಾಲಮಿತಿಯ ತ್ಯಾಗ ನಿಯಮ, ಆಜೀವ ತ್ಯಾಗ ಯಮ ಎಂದು ಸಮಂತಭದ್ರರು ಬೇರ್ಪಡಿಸಿದ್ದಾರೆ. ಇಂದಿನ ಒಂದು ದಿನ, ಈ ವಾರ, ಈ ತಿಂಗಳು ಎಂದು ನಿಯಮವನ್ನು ಸೆರೆಯಲ್ಲೇ ಆರಂಭಿಸಬಹುದು. ಜಾರಿದರೆ ಪ್ರಾಯಶ್ಚಿತ್ತವುಂಟು, ಮರುದಿನ ಮತ್ತೆ ನಿಯಮವುಂಟು.

ಹೊರಬಂದವನನ್ನು ಬಾಗಿಲಲ್ಲಿ ಎದುರುಗೊಳ್ಳುವುದು, ಕೆಲಸ ಕೊಡುವುದು, ಹಳೆಯ ತಪ್ಪನ್ನು ಎತ್ತಾಡದಿರುವುದು, ಅಗತ್ಯವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯುವುದು ಶ್ರಾವಕರಿಗೆ ಸಾಧ್ಯವಿರುವ ಸೇವೆ. ಟೆಲಿಮಾನಸ್ ಸಹಾಯವಾಣಿ 14416 ಹಗಲಿರುಳೂ ಲಭ್ಯ. ಸೆರೆಮನೆಯ ಬಾಗಿಲನ್ನು ಕಾನೂನು ತೆರೆಯುತ್ತದೆ; ಊರಿನ ಬಾಗಿಲನ್ನು ವಾತ್ಸಲ್ಯವೇ ತೆರೆಯಬೇಕು.