ಖಾಲಿ ಬೇರೆ, ಸೊನ್ನೆ ಬೇರೆ ಸ್ವಾಮಿ!

ಕೊಡಗಿನ ಕಾಫಿ ಬೆಳೆಗಾರರನ್ನು ಜನವರಿಯಲ್ಲಿ "ಮುಂದಿನ ಫಸಲು ಎಷ್ಟು ಚೀಲ?" ಅಂತ ಕೇಳಿ ನೋಡಿ. "ಮೊದಲು ಹೂಮಳೆ ಬೀಳಲಿ" ಅಂತಾರೆ. ಫೆಬ್ರವರಿ-ಮಾರ್ಚ್‌ನ ಆ ಮಳೆಗೆ ಹೂ ಅರಳಬೇಕು, ಹಿಂದೆಯೇ ಇನ್ನೊಂದು ಮಳೆ ಬಂದು ಕಾಯಿ ಕಚ್ಚಬೇಕು. ಅಲ್ಲಿವರೆಗೆ ಬಜೆಟ್ಟಿನಲ್ಲಿ ಆ ಕಾಲಂ ಖಾಲಿ.

ಸಿದ್ದಾಪುರದ ಕಡೆಯ ತೋಟವೊಂದರ ಬಜೆಟ್ ಡೇಟಾಬೇಸನ್ನು ಜೆಡಿಬಿಸಿ ಡ್ರೈವರ್ ಮೂಲಕ ವೆಬ್ ಪುಟಕ್ಕೆ ಜೋಡಿಸಿಕೊಟ್ಟೆ. ಖಾಲಿ ಇದ್ದಲ್ಲೆಲ್ಲ ಸೊನ್ನೆ! "ಏನಪ್ಪಾ, ಈ ಸಲ ಬೆಳೆಯೇ ಇಲ್ವಾ?" ಅಂತ ಯಜಮಾನರು ಫೋನ್ ಮಾಡುವಷ್ಟರಲ್ಲಿ, ಸೊನ್ನೆಯನ್ನು ನಂಬಿದ ರೈಟರು ಗೊಬ್ಬರದ ಆರ್ಡರ್ ನಿಲ್ಲಿಸಿಬಿಟ್ಟಿದ್ದರು.

ತಪ್ಪು ಡ್ರೈವರಿನದಲ್ಲ. 'ಗೆಟ್‌ಇಂಟ್' ಮೆಥಡ್ಡಿಗೆ ನಲ್ ಸಿಕ್ಕರೆ ಸೊನ್ನೆಯನ್ನೇ ಕೊಡುತ್ತದೆ. ಒಡನೆ 'ವಾಸ್‌ನಲ್' ಕರೆದು ವಿಚಾರಿಸಬೇಕು. 1997ರಲ್ಲಿ ಜಾವಾ 1.1ರ ಜೊತೆ ಬಂದಾಗಿನಿಂದಲೂ ಇದೇ ನಿಯಮ. ವಿಚಾರಿಸದೇ ಇದ್ದದ್ದು ನಾನು. 'ಕನೆಕ್ಟ್ ಆಯ್ತು, ಕೆಲಸ ಮುಗೀತು' ಅನ್ನೋದು ನಮ್ಮ ಪ್ರೋಗ್ರಾಮರುಗಳ ಹಳೇ ಚಾಳಿ.

ಸೊನ್ನೆ ಇದ್ದರೆ ಒಟ್ಟು ಕೂಡೋಕೆ ಸುಲಭ ಅಂತೀರಾ? ಸುಳ್ಳು ಮೊತ್ತ ಯಾರಿಗೆ ಬೇಕು! 'ಇನ್ನೂ ಗೊತ್ತಿಲ್ಲ' ಅಂತಲೇ ತೋರಿಸಿ. ಬೆಳೆಗಾರ ಪ್ರಾಮಾಣಿಕವಾಗಿ ಖಾಲಿ ಬಿಟ್ಟದ್ದನ್ನು 'ಇಲ್ಲ' ಅಂತ ತಿದ್ದೋಕೆ ನಾವ್ಯಾರು? ಏನಂತೀರಿ?