ಸಾಮಂತರ ಬೊಕ್ಕಸ: ಒಂದು ವಿಚಾರ

ಸ್ವಾಮಿ, ಅಮಾತ್ಯ, ಜನಪದ, ದುರ್ಗ, ಕೋಶ, ದಂಡ, ಮಿತ್ರ ಎಂದು ಕೌಟಿಲ್ಯನು ರಾಜ್ಯಕ್ಕೆ ಏಳು ಅಂಗಗಳನ್ನು ಹೇಳಿದನು. ಈ ಗಣನೆಯಲ್ಲಿ ಜನಪದವು ಕೋಶಕ್ಕಿಂತ ಮುಂಚೆ ಬರುತ್ತದೆಂಬುದನ್ನು ವಾಚಕರು ಗಮನಿಸಬೇಕು. ಚಕ್ರವರ್ತಿಗೆ ಒಂದು ಪ್ರಾಂತದಲ್ಲಿ ಬೆಳೆ ಬಾರದಿದ್ದರೆ ಇನ್ನೊಂದು ಪ್ರಾಂತದ ಆದಾಯವುಂಟು. ಕೆಲವು ಹಳ್ಳಿಗಳ ಒಡೆಯನಾದ ಸಾಮಂತನಿಗೆ ಆ ಅನುಕೂಲವಿಲ್ಲ. ಮೇಲಿನವನಿಗೆ ಕಪ್ಪ ಸಲ್ಲಬೇಕು, ಕೆಳಗಿನ ರೈತನು ಉಳಿಯಬೇಕು, ನಡುವೆ ಮನೆತನದ ಮರ್ಯಾದೆ ನಡೆಯಬೇಕು. ಈ ಇಕ್ಕಟ್ಟಿನಲ್ಲಿ ಹಣವನ್ನು ನಿರ್ವಹಿಸಿದವರ ಚರಿತ್ರೆಯು ನಮ್ಮ ಸುತ್ತಲಿನ ನೆಲದಲ್ಲಿಯೇ ಹೇರಳವಾಗಿ ದೊರೆಯುತ್ತದೆ. ವಿದ್ಯಾಸಂಸ್ಥೆಯೂ ಒಂದು ಬಗೆಯ ಚಿಕ್ಕ ಸಂಸ್ಥಾನವೇ ಆದುದರಿಂದ ಆ ಚರಿತ್ರೆ ನಮಗೆ ಪ್ರಕೃತವಾಗಿದೆ.

ಸವದತ್ತಿಯು ಹಿಂದೆ ಸುಗಂಧವರ್ತಿಯೆಂಬ ಹೆಸರಿನಿಂದ ರಟ್ಟರ ರಾಜಧಾನಿಯಾಗಿದ್ದಿತು. ರಟ್ಟರು ಮೊದಲು ರಾಷ್ಟ್ರಕೂಟರಿಗೆ, ಅನಂತರ ಕಲ್ಯಾಣದ ಚಾಲುಕ್ಯರಿಗೆ ಸಾಮಂತರು. ಕ್ರಿ. ಶ. 980ರಲ್ಲಿ ಶಾಂತಿವರ್ಮನು ತಾನು ಕಟ್ಟಿಸಿದ ಬಸದಿಗೆ 150 ಮತ್ತರು ಭೂಮಿಯನ್ನು ಬಿಟ್ಟನೆಂದು ಅಲ್ಲಿಯ ಶಾಸನವು ಸಾರುತ್ತದೆ. ಆತನು ಹೊನ್ನಿನ ಗಂಟನ್ನು ಕೊಡದೆ ಭೂಮಿಯನ್ನು ಕೊಟ್ಟುದು ಅರ್ಥಗರ್ಭಿತವಾಗಿದೆ. ಹೊನ್ನು ಒಮ್ಮೆ ವೆಚ್ಚವಾದರೆ ಮುಗಿಯಿತು. ಭೂಮಿ ವರುಷ ವರುಷವೂ ಬೆಳೆಯುತ್ತದೆ. ದಾನವನ್ನು ಕಲ್ಲಿನಲ್ಲಿ ಕೊರೆಯಿಸಿದುದರಿಂದ ಅದರ ಲೆಕ್ಕವು ಎಲ್ಲರ ಕಣ್ಣೆದುರಿಗೆ ನಿಂತಿತು.

ಕಿತ್ತೂರಿನ ಕಥೆ ಬೇರೆ ತೆರನಾದುದು. 1809ರಲ್ಲಿ ಮಲ್ಲಸರ್ಜ ದೇಸಾಯರು ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪವನ್ನು ಒಪ್ಪಿಕೊಳ್ಳಬೇಕಾಯಿತು. 1818ರಲ್ಲಿ ಪೇಶ್ವೆಯ ಆಳಿಕೆ ಮುಗಿದರೂ ಕಪ್ಪವು ಮುಗಿಯಲಿಲ್ಲ, ಪಡೆಯುವ ಕೈ ಮಾತ್ರ ಬದಲಾಯಿತು. ಇಷ್ಟೆಲ್ಲದರ ನಡುವೆಯೂ ಆ ಮನೆತನವು ಕೂಡಿಸಿದ್ದ ಹಣ, ಒಡವೆಗಳ ಬೆಲೆಯನ್ನು ಸುಮಾರು 15 ಲಕ್ಷ ರೂಪಾಯಿಗಳೆಂದು ಅಂದಾಜು ಮಾಡುತ್ತಾರೆ. ಎಂಟು ವರ್ಷಗಳಿಗೂ ಮಿಕ್ಕ ಕಪ್ಪದ ಮೊತ್ತವಿದು! 1824ರ ಸೆಪ್ಟೆಂಬರದಲ್ಲಿ ಶಿವಲಿಂಗರುದ್ರಸರ್ಜರು ತೀರಿಕೊಂಡಾಗ ಧಾರವಾಡದ ಕಲೆಕ್ಟರ ಥ್ಯಾಕರೆಯು ದತ್ತಕವನ್ನು ಮಾನ್ಯಮಾಡದೆ ಬೊಕ್ಕಸಕ್ಕೆ ಮೊಹರು ಹಾಕಿ ಕಾವಲಿರಿಸಿದನು. ಅಕ್ಟೋಬರ 23ರ ಕಾಳಗದಲ್ಲಿ ಅವನು ಹತನಾದನು. ಆದರೆ ಡಿಸೆಂಬರದಲ್ಲಿ ಕೋಟೆ ಬಿದ್ದಿತು. ಕೋಟೆಯೊಡನೆ ಕೋಶವೂ ಹೋಯಿತು. ರಾಣಿ ಚೆನ್ನಮ್ಮನವರು ಬೈಲಹೊಂಗಲದ ಸೆರೆಯಲ್ಲಿಯೇ 1829ರಲ್ಲಿ ದೇಹವಿಟ್ಟರು.

ಕೂಡಿಟ್ಟುದೇ ತಪ್ಪೆಂದು ಹೇಳುವುದು ನನ್ನ ಅಭಿಪ್ರಾಯವಲ್ಲ. ಕೋಶವಿಲ್ಲದೆ ದಂಡವಿಲ್ಲ, ದಂಡವಿಲ್ಲದಿದ್ದರೆ ಕಿತ್ತೂರಿನ ಕೀರ್ತಿಯೂ ಇಲ್ಲ. ಆದರೆ ಒಂದೇ ಬೀಗದ ಹಿಂದಿರುವ ಧನಕ್ಕೆ ಒಂದೇ ಮೊಹರು ಸಾಕು ಎಂಬುದು ನಿರ್ವಿವಾದ. ಇನ್ನು ಜನಪದವನ್ನು ಹಿಂಡಿ ಕೋಶವನ್ನು ತುಂಬುವೆನೆಂಬವರಿಗೆ ರಾಮದುರ್ಗದ ನಿದರ್ಶನವುಂಟು. ಕರಭಾರದ ಅಸಮಾಧಾನವು ಪ್ರಜಾಸಂಘದ ಚಳವಳಿಯಾಗಿ ಬೆಳೆದು, 1939ರ ಏಪ್ರಿಲದಲ್ಲಿ ರಕ್ತಪಾತದಲ್ಲಿ ಕೊನೆಗಂಡಿತು. 1948ರಲ್ಲಿ ಆ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು.

ಈ ಎರಡಕ್ಕೂ ಬೇರೆಯಾದ ಮೂರನೆಯ ದಾರಿಯನ್ನು ತೋರಿದವರು ಸವದತ್ತಿ ತಾಲೂಕಿನ ಶಿರಸಂಗಿಯ ತ್ಯಾಗವೀರ ಲಿಂಗರಾಜ ದೇಸಾಯಿಯವರು. 1861ರಲ್ಲಿ ಹುಟ್ಟಿ, ದತ್ತಕರಾಗಿ ಆ ಮನೆತನಕ್ಕೆ ಬಂದ ಅವರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯಾಭ್ಯಾಸಕ್ಕೆಂದು ಮೃತ್ಯುಪತ್ರದ ಮೂಲಕ ಮೀಸಲಿಟ್ಟರು. ನವಲಗುಂದ-ಶಿರಸಂಗಿ ಟ್ರಸ್ಟಿನ ವಿದ್ಯಾರ್ಥಿವೇತನದಿಂದ ಓದಿದವರು ಈ ಭಾಗದ ಎಷ್ಟೋ ಮನೆಗಳಲ್ಲಿದ್ದಾರೆ. 1933ರಲ್ಲಿ ಬೆಳಗಾವಿಯಲ್ಲಿ ಆರಂಭವಾದ ಕಾಲೇಜು ಅವರ ಹೆಸರನ್ನು ಹೊತ್ತಿದೆ. ವಿದ್ಯೆಯಾಗಿ ಮಾರ್ಪಟ್ಟ ಧನಕ್ಕೆ ಯಾವ ಕಲೆಕ್ಟರನು ಮೊಹರು ಹಾಕಬಲ್ಲನು?

ಇಷ್ಟನ್ನು ಹೇಳಿ ಶಾಲೆಯ ವಿಷಯಕ್ಕೆ ಬರುತ್ತೇನೆ. ನಮ್ಮ ಕಡೆ ದಾನಿಗಳಿಗೆ ಬರವಿಲ್ಲ. ಆದರೆ ದಾನವು ಬಹುಮಟ್ಟಿಗೆ ಕೋಣೆ, ಕಮಾನು, ಹೆಸರಿನ ಫಲಕಗಳ ಕಡೆಗೆ ಹರಿಯುತ್ತದೆ. ಕಟ್ಟಡ ಬೇಡವೆಂದಲ್ಲ, ಮಳೆಗಾಲದಲ್ಲಿ ಸೋರದ ಮಾಳಿಗೆ ಮಕ್ಕಳಿಗೆ ಬೇಕೇ ಬೇಕು. ಆದರೆ ಕಟ್ಟಡವು ಪ್ರತಿ ವರ್ಷವೂ ದುರಸ್ತಿಯ ವೆಚ್ಚವನ್ನು ಬೇಡುತ್ತದೆ. ಮೂಲಧನವು ಪ್ರತಿ ವರ್ಷವೂ ಏನನ್ನಾದರೂ ಕೊಡುತ್ತದೆ. ಆದುದರಿಂದ ದಾನಿಗಳಲ್ಲಿಯೂ ಹಳೆಯ ವಿದ್ಯಾರ್ಥಿಗಳಲ್ಲಿಯೂ ಮೂರು ಮಾತುಗಳನ್ನು ಬಿನ್ನವಿಸಿಕೊಳ್ಳುತ್ತೇನೆ. ಕಟ್ಟಡಕ್ಕೆಂದು ಕೊಡುವ ಪ್ರತಿ ಕಾಣಿಕೆಯ ಒಂದು ಪಾಲು ಮುಟ್ಟಬಾರದ ಮೂಲಧನವಾಗಿ ಉಳಿಯಲಿ. ಅದರ ಬಡ್ಡಿಯಿಂದ ಬಡ ಮಕ್ಕಳ ಊಟ, ಪುಸ್ತಕಗಳೂ ಗ್ರಂಥಭಂಡಾರವೂ ನಡೆಯಲಿ. ಆ ಧನವು ಒಬ್ಬರ ಕೈಯಲ್ಲಾಗಲಿ ಒಂದೇ ಕಡೆಯಲ್ಲಾಗಲಿ ಇರದಿರಲಿ. ಜಮಾ-ಖರ್ಚಿನ ತಃಖ್ತೆಯನ್ನು ವರ್ಷಕ್ಕೊಮ್ಮೆ ಸಭೆಯಲ್ಲಿ ಎಲ್ಲರಿಗೂ ಕೇಳುವಂತೆ ಓದಲಿ.

ಲೆಕ್ಕ ಕೇಳುವುದು ಅವಿಶ್ವಾಸವೆಂದು ಕೆಲವರು ನೊಂದುಕೊಳ್ಳಬಹುದು. ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳಾಗಿದ್ದರು. ಭಂಡಾರಿಯು ಒಡೆಯನಲ್ಲ, ಲೆಕ್ಕ ಒಪ್ಪಿಸಬೇಕಾದವನು; ಆ ಕಾಯಕದಿಂದ ಅವರ ಹಿರಿಮೆಗೆ ಕುಂದುಂಟಾಗಲಿಲ್ಲ. ಸಂಸ್ಥೆಯ ಹಣವನ್ನು ಹಿಡಿದಿರುವ ನಾವೆಲ್ಲರೂ ಭಂಡಾರಿಗಳೇ. ದಾನಿಯು ಕೊಟ್ಟುದನ್ನು ಮರೆಯಬಹುದು, ಪಡೆದವನು ಲೆಕ್ಕವನ್ನು ಮರೆಯಲಾಗದು.